ಬಣ್ಣದ ಗುಂಡಿನ ಆಟವೂ ಗೃಹಸ್ಥನ ವೆಚ್ಚವೂ

ನನ್ನ ತಂಗಿಯ ಮಗನು ಕಾಲೇಜಿನ ಎರಡನೆಯ ವರ್ಷದ ವಿದ್ಯಾರ್ಥಿ. ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಮನೆಗೆ ಬಂದವನು ಮೂರು ದಿನ ಸುಮ್ಮನಿದ್ದು ನಾಲ್ಕನೆಯ ದಿನ, “ಮಾವ, ಒಂದು ಮಾರ್ಕರ್ ಕೊಳ್ಳಬೇಕು. ಅಮ್ಮನಿಗೆ ನೀವೇ ಹೇಳಬೇಕು” ಎಂದನು. ಗುರುತು ಹಾಕುವ ಲೇಖನಿಯೆಂದು ಭಾವಿಸಿ, ಅದಕ್ಕೆ ಶಿಫಾರಸೇಕೆಂದು ಕೇಳಿದೆನು. ಬೆಲೆಯನ್ನು ಕೇಳಿದ ಮೇಲೆ ಶಿಫಾರಸಿನ ಅಗತ್ಯವು ತಿಳಿಯಿತು. ಪೇಂಟ್‌ಬಾಲ್ ಎಂಬ ಆಟದಲ್ಲಿ ಬಣ್ಣದ ಗುಂಡನ್ನು ಹಾರಿಸುವ ಯಂತ್ರಕ್ಕೆ ಆ ಹೆಸರು.

ನಮ್ಮ ಓಕುಳಿಯ ಜೀರ್ಕೊಳವಿಗೆ ಇದು ದೂರದ ನಂಟಿರಬಹುದೆಂದು ಎಣಿಸಿದ್ದೆನು. ಇದರ ಹುಟ್ಟೇ ಬೇರೆ. ಅಮೆರಿಕದಲ್ಲಿ ಮರಗಳಿಗೂ ಹಿಂಡಿನ ದನಗಳಿಗೂ ದೂರದಿಂದ ಬಣ್ಣದ ಗುರುತು ಹಾಕುವುದಕ್ಕಾಗಿ ನಿರ್ಮಿತವಾದ ಸಾಧನವಿದು. ಆದುದರಿಂದ ಮಾರ್ಕರ್ ಎಂಬುದು ಅನ್ವರ್ಥನಾಮವೇ. 1981ನೆಯ ಇಸವಿ ಜೂನ್ 27ರಂದು ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಹೆನಿಕರ್ ಎಂಬ ಊರಿನ ಕಾಡಿನಲ್ಲಿ 12 ಮಂದಿ ಇದನ್ನು ಹಿಡಿದು ಮೊದಲ ಆಟವನ್ನಾಡಿದರು. ಗೆದ್ದವನು ರಿಚಿ ವೈಟ್ ಎಂಬ ಅರಣ್ಯವೃತ್ತಿಯವನು. ಅವನು ಒಂದು ಗುಂಡನ್ನೂ ಹಾರಿಸದೆ, ಸದ್ದಿಲ್ಲದೆ ಸಂಚರಿಸಿ, ಬಾವುಟಗಳನ್ನೆಲ್ಲ ಸಂಗ್ರಹಿಸಿದನಂತೆ. ಮಿತವ್ಯಯಿಗಳಿಗೆ ಇದಕ್ಕಿಂತ ಪ್ರಿಯವಾದ ದೃಷ್ಟಾಂತವು ಬೇಕಿಲ್ಲ.

ಕೊಳ್ಳುವ ಮೊದಲು ನೋಡೋಣವೆಂದು ಹುಡುಗನೊಡನೆ ಬೆಂಗಳೂರಿನ ಹೊರವಲಯದ ಒಂದು ಮೈದಾನಕ್ಕೆ ಹೋದೆನು. ಇಂತಹ ಸ್ಥಳಗಳಲ್ಲಿ ಮಾರ್ಕರು, ಮುಖಕವಚ, ಗೊತ್ತಾದ ಸಂಖ್ಯೆಯ ಗುಂಡುಗಳು ಇವೆಲ್ಲವೂ ಬಾಡಿಗೆಯ ಹಣದಲ್ಲಿಯೇ ದೊರೆಯುವುವು. ಹೊಸಬನು ಐದಾರು ಬಾರಿಯಾದರೂ ಹೀಗೆಯೇ ಆಡತಕ್ಕದ್ದು. ತರುಣರ ಉತ್ಸಾಹವು ಎಷ್ಟು ದಿನದ್ದೆಂದು ಮೂವತ್ತು ವರ್ಷ ಪಾಠ ಹೇಳಿದ ನನಗೆ ಗೊತ್ತು. ಉಡುಪಿಗಾಗಿಯೂ ವ್ಯಯ ಮಾಡಬೇಕಾಗಿಲ್ಲ. ತುಂಬುತೋಳಿನ ಹಳೆಯ ಅಂಗಿ, ದಪ್ಪ ಷರಾಯಿ, ಗಟ್ಟಿಯಾದ ಬೂಟು ಸಾಕು.

ಗುಂಡು ಮಕ್ಕಳ ಗೋಲಿಯ ಗಾತ್ರದ್ದು. ತೂಕ ಸುಮಾರು 3 ಗ್ರಾಂ. ಚಿಪ್ಪು ಔಷಧದ ಕ್ಯಾಪ್ಸೂಲಿನಂತೆ ಜಿಲಟಿನ್ನಿನದು. ಒಳಗಿನ ಬಣ್ಣವು ನೀರಿನಲ್ಲಿ ಕರಗತಕ್ಕದ್ದಾದುದರಿಂದ ಬಟ್ಟೆ ಒಗೆಯುವವರು ಹೆದರಬೇಕಾಗಿಲ್ಲ. ಆದರೆ ಮಿಕ್ಕ ಗುಂಡುಗಳನ್ನು ಮನೆಗೆ ತಂದರೆ ನಾಯಿಗೆ ಎಟುಕದಂತೆ ಇಡಬೇಕು. ನಾಯಿ ತಿಂದರೆ ಅದರ ಪ್ರಾಣಕ್ಕೇ ಅಪಾಯವುಂಟು. ಹಣವು ಕರಗಿಹೋಗುವುದು ಈ ಗುಂಡುಗಳಲ್ಲಿಯೇ. ಮಾರ್ಕರಿನ ಮೇಲಣ ಡಬ್ಬಿಯಲ್ಲಿ ಸುಮಾರು 200 ಗುಂಡುಗಳು ಹಿಡಿಯುವುವು; ಬೆರಳಿಗೆ ಸಂಯಮವಿಲ್ಲದವನು ಕೆಲವೇ ನಿಮಿಷಗಳಲ್ಲಿ ಅದನ್ನು ಬರಿದುಮಾಡುವನು. ಪ್ರತಿಯೊಂದು ಹೊಡೆತಕ್ಕೂ ಕೈಯಿಂದ ಎಳೆದು ಸಿದ್ಧಪಡಿಸಬೇಕಾದ ಪಂಪ್ ಮಾರ್ಕರುಗಳೂ ಉಂಟು. ಅವು ಗುಂಡನ್ನು ಉಳಿಸುವುವು. ನೆಲಕ್ಕೆ ಬಿದ್ದ ಗುಂಡನ್ನು ಹೆಕ್ಕಿ ಮತ್ತೆ ತುಂಬುವುದು ಮಾತ್ರ ಉಳಿತಾಯವಲ್ಲ. ತೇವದಿಂದ ಉಬ್ಬಿದ ಚಿಪ್ಪು ನಳಿಗೆಯಲ್ಲಿಯೇ ಒಡೆದು, ಮುಂದಿನ ಹೊಡೆತಗಳೆಲ್ಲ ಅಡ್ಡಾದಿಡ್ಡಿಯಾಗುವುವು.

ಗುಂಡಿನ ವೇಗವು ಸೆಕೆಂಡಿಗೆ 300 ಅಡಿಯನ್ನು ಮೀರಬಾರದೆಂದು ಸಾಮಾನ್ಯ ನಿಯಮ. ಆ ವೇಗದಲ್ಲಿ ಮೈಗೆ ತಗುಲಿದರೆ ಬಾಸುಂಡೆಯೇಳುವುದು, ಕಣ್ಣಿಗೆ ತಗುಲಿದರೆ ದೃಷ್ಟಿಯೇ ಹೋಗಬಹುದು. ನಾವು ಹೋದ ದಿನ ಹುಡುಗನಿಗೆ ದೊರೆತ ಕವಚದ ಗಾಜು ಗೀರುಬಿದ್ದುದಾಗಿತ್ತು. ಎರಡನೆಯ ಆಟದಲ್ಲಿ ಅದು ಉಸಿರಿನ ಆವಿಯಿಂದ ಮಸುಕಾಯಿತು. ಅವನು ಮರದ ಮರೆಯಲ್ಲಿ ಕುಳಿತು ಒರೆಸಲೆಂದು ಅದನ್ನು ಹಣೆಗೆ ಏರಿಸಿದನು. ತೀರ್ಪುಗಾರನು ಸೀಟಿ ಊದುತ್ತ ಓಡಿಬಂದನು. ಅಷ್ಟರಲ್ಲಿ ಹುಡುಗನ ಕಿವಿಯಿಂದ ಗೇಣು ದೂರದಲ್ಲಿ ಮರದ ತೊಗಟೆಯ ಮೇಲೆ ಹಳದಿಯ ಬಣ್ಣ ಚಿಮ್ಮಿತು. ಬಲೆಯ ಈಚೆಗೆ ನಿಂತಿದ್ದ ನನ್ನ ಕೈ ಸ್ವಲ್ಪ ಹೊತ್ತು ನಡುಗುತ್ತಿದ್ದಿತು. ತಂಗಿಗೆ ಈ ಸಂಗತಿಯನ್ನು ನಾನಿನ್ನೂ ಹೇಳಿಲ್ಲ. ಈ ಪತ್ರಿಕೆಯನ್ನು ಅವಳು ಓದುವಳೆಂಬುದೂ ಗೊತ್ತು.

ಆದುದರಿಂದ ಸ್ವಂತಕ್ಕೆ ಕೊಳ್ಳತಕ್ಕ ಮೊದಲ ವಸ್ತು ಮಾರ್ಕರಲ್ಲ, ಮುಖಕವಚ. ಈ ಆಟಕ್ಕೆಂದೇ ಮಾಡಿದ, ಕಣ್ಣು, ಕಿವಿ, ಬಾಯಿಗಳನ್ನು ಮುಚ್ಚುವ, ಆವಿ ಕಟ್ಟದಂತೆ ಎರಡು ಪದರದ ಗಾಜುಳ್ಳದ್ದೇ ಆಗಬೇಕು. ಮೋಟಾರ್ ಸೈಕಲ್ಲಿನ ಕನ್ನಡಕವು ಸಲ್ಲದು. ಮೈದಾನದಿಂದ ಹೊರಬರುವವರೆಗೆ ಅದನ್ನು ತೆಗೆಯತಕ್ಕದ್ದಲ್ಲ. ಹೊರಬರುವಾಗ ನಳಿಗೆಯ ಬಾಯಿಗೆ ಚೀಲವನ್ನು ತೊಡಿಸಿರಬೇಕು. ಮುಂದೆ ಬಳಸಿದ ಮಾರ್ಕರನ್ನು ಕೊಳ್ಳುವವರು ಅದರ ಗಾಳಿಯ ಸಿಲಿಂಡರಿನ ಪರೀಕ್ಷೆಯ ದಿನಾಂಕವನ್ನೂ, ಅದನ್ನು ತುಂಬಿಸಿಕೊಡುವವರು ಊರಿನಲ್ಲಿರುವರೋ ಎಂಬುದನ್ನೂ ಮೊದಲು ವಿಚಾರಿಸಲಿ.

ಹುಡುಗನು ತನ್ನ ವಿದ್ಯಾರ್ಥಿವೇತನದಲ್ಲಿ ಉಳಿಸಿದ ಹಣಕ್ಕೆ ನಾನು ಅರ್ಧ ಸೇರಿಸಿ ಕವಚವನ್ನು ತರಿಸಿದೆವು. ಮಾರ್ಕರಿನ ಮಾತನ್ನು ದೀಪಾವಳಿಯವರೆಗೆ ಎತ್ತಬಾರದೆಂದು ನಮ್ಮಲ್ಲಿ ಒಪ್ಪಂದವಾಗಿದೆ.