ಅಳಿವೆಯಲ್ಲಿ ಪಟ ಏರಿಸುವ ಮುನ್ನ

ಆಷಾಢದ ಗಾಳಿಗೆ ರಾಣೇಬೆನ್ನೂರು, ಬ್ಯಾಡಗಿಯ ಮಾಳಿಗೆಗಳ ಮೇಲೆ ಗಾಳಿಪಟ ಏರುವುದನ್ನು ನೀವು ನೋಡಿಯೇ ಇರುತ್ತೀರಿ. ಅದೇ ಪಟ 10-12 ಚದರ ಮೀಟರಿನಷ್ಟು ದೊಡ್ಡದಾಗಿ, ಅದರ ದಾರಗಳು ನಿಮ್ಮ ಮಗನ ಸೊಂಟದ ಪಟ್ಟಿಗೆ ಸೇರಿ, ಅವನ ಕಾಲಡಿ ಒಂದು ಹಲಗೆಯಿದ್ದು, ಗಾಳಿಯೇ ಅವನನ್ನು ನೀರಿನ ಮೇಲೆ ಎಳೆದೊಯ್ದರೆ ಅದು ಕೈಟ್‌ಬೋರ್ಡಿಂಗ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇದು ಮೊದಲ ಬಾರಿಗೆ ಸೇರಿತು. ಮೊಬೈಲಿನಲ್ಲಿ ಅದನ್ನು ಕಂಡ ಹುಡುಗರು ರಜೆಯಲ್ಲಿ ಕಡಲಿಗೆ ಹೋಗೋಣವೆಂದು ಹಟ ಹಿಡಿದರೆ ಆಶ್ಚರ್ಯವೇನಿಲ್ಲ. ಹಾವೇರಿಯಿಂದ ಶಿರಸಿ ದಾಟಿ ದೇವಿಮನೆ ಘಾಟಿ ಇಳಿದರೆ ಕುಮಟಾ. ದಾರಿ ಸುಲಭ, ಜಾಗ ಹುಡುಕುವುದೇ ಕಷ್ಟ.

ಕಲಿಯುವವರಿಗೆ ತೆರೆದ ಕಡಲು ಬೇಡವೇ ಬೇಡ. ಅಲೆಯಿಲ್ಲದ, ಸೊಂಟದ ಮಟ್ಟದ, ತಳದಲ್ಲಿ ಮರಳಿರುವ ನೀರು ಬೇಕು. ರಾಮೇಶ್ವರ ದ್ವೀಪಕ್ಕೆ ಈ ಆಟದಲ್ಲಿ ಹೆಸರು ಬಂದದ್ದು ಅದಕ್ಕೇ. ಒಂದು ಕಡೆ ಪಾಕ್ ಕೊಲ್ಲಿ, ಇನ್ನೊಂದು ಕಡೆ ಮನ್ನಾರ್ ಕೊಲ್ಲಿ. ಗಾಳಿ ದಿಕ್ಕು ಬದಲಿಸಿದರೆ ಆಟಗಾರರು ಕಡಲನ್ನೇ ಬದಲಿಸುತ್ತಾರೆ. ಅಲ್ಲಿ ತರಬೇತಿ ಶಾಲೆಗಳಿವೆ, ಮೊದಲ ಪಾಠ ಅಲ್ಲೇ ಆಗಲಿ. ಬಿಸಿಲಿನಿಂದ ರಕ್ಷಣೆಗೆ ಮೈಪೂರ್ತಿ ಮುಚ್ಚುವ ಉಡುಪು ಈ ಆಟದಲ್ಲಿ ಸಾಮಾನ್ಯ. ಆದ್ದರಿಂದ ಹೆಣ್ಣುಮಕ್ಕಳು ಉಡುಪಿನ ಕಾರಣಕ್ಕೆ ಹಿಂದೆ ಉಳಿಯಬೇಕಿಲ್ಲ.

ನಮ್ಮ ಕರಾವಳಿಯಲ್ಲಿ ಶಾಂತ ನೀರೆಂದರೆ ಅಳಿವೆಗಳು: ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ದಡದಲ್ಲಿ ನಿಂತು ನೋಡಿದರೆ ಎಲ್ಲವೂ ಒಂದೇ ತರಹ ಚೆಂದ. ಗುಟ್ಟು ತಿಳಿಯಬೇಕಾದರೆ ಊರಿನ ಮೀನುಗಾರರ ದೋಣಿ ಹತ್ತಬೇಕು. ತದಡಿಯ ಹತ್ತಿರ ಅಘನಾಶಿನಿಗೆ ಇಳಿದಿರೆಂದು ಇಟ್ಟುಕೊಳ್ಳಿ. ಜೊತೆಗೆ ಗುರುತು ಹಾಕಿದ ಉದ್ದನೆಯ ಬಿದಿರಿನ ಗಳವಿರಲಿ. ಆಳ ಅಳೆಯಲು ಅದು ಸಾಕು. ಇಳಿತದಲ್ಲಿ ಒಮ್ಮೆ, ಉಬ್ಬರದಲ್ಲಿ ಒಮ್ಮೆ ಸುತ್ತು ಹಾಕಿ. ಇಳಿತದಲ್ಲಿ ಮರಳದಿಬ್ಬ ತಲೆ ಎತ್ತುತ್ತದೆ, ಬಳಚು ಹೆಕ್ಕುವ ಹೆಂಗಸರು ಕಾಣುತ್ತಾರೆ. ಚಿಪ್ಪಿರುವ ಕಡೆ ಬರಿಗಾಲು ಇಟ್ಟರೆ ರಕ್ತ ಗ್ಯಾರಂಟಿ! ಅದು ಅವರ ಹೊಟ್ಟೆಪಾಡಿನ ಜಾಗವೂ ಹೌದು, ನಿಮ್ಮ ಆಟ ಅಲ್ಲಿ ಬೇಡ. ಬಲೆ ಕಟ್ಟಿದ ಗೂಟಗಳು, ಸೇತುವೆ, ವಿದ್ಯುತ್ ತಂತಿ, ದಡದ ತೆಂಗು ಎಲ್ಲಿವೆಯೆಂದು ಬರೆದುಕೊಳ್ಳಿ. ಪಟದ ದಾರವೇ 20 ಮೀಟರಿಗೂ ಹೆಚ್ಚು ಉದ್ದ. ಗಾಳಿ ಹೋಗುವ ದಿಕ್ಕಿನಲ್ಲಿ ಅದರ ಹಲವು ಪಟ್ಟು ಜಾಗ ಖಾಲಿಯಿರಬೇಕು.

ಬೇಸಿಗೆಯಲ್ಲಿ ಬೆಳಗಿನ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಅದನ್ನು ನಂಬಿ ಪಟ ಎತ್ತಿದವನು ಕಡಲಿನ ಪಾಲಾದಾನು. ಮಧ್ಯಾಹ್ನ ಪಶ್ಚಿಮದ ಕಡಲಗಾಳಿ ಏಳುವವರೆಗೆ ಕಾಯಿರಿ. ನೀರಿನ ಮೇಲೆ ಅಲ್ಲಲ್ಲಿ ಬಿಳಿ ನೊರೆ ಮೂಡಿತೆಂದರೆ ಗಾಳಿ ಗಂಟೆಗೆ ಸುಮಾರು 20 ಕಿ.ಮೀ. ದಾಟಿದೆ ಎಂದರ್ಥ. ಗುಡ್ಡದ ಮರೆಯಲ್ಲಿ ಮಾತ್ರ ನಿಲ್ಲಬೇಡಿ. ಅಲ್ಲಿ ಗಾಳಿ ಮುರಿದು ಬರುತ್ತದೆ, ಪಟ ಒಮ್ಮೆ ಬಿದ್ದು ಮರುಕ್ಷಣ ಜಗ್ಗುತ್ತದೆ.

ಎಲ್ಲಕ್ಕಿಂತ ಅಪಾಯದ್ದು ಇಳಿತದ ಸೆಳೆತ. ಆರು ಗಂಟೆ ಒಳಗೆ ನುಗ್ಗಿದ ನೀರೆಲ್ಲ ಅಳಿವೆಯ ಕಿರಿದಾದ ಬಾಯಿಯಿಂದಲೇ ಹೊರಗೆ ಹೋಗಬೇಕಲ್ಲ! ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸು ಅದು ಜೋರು. ಮನೆಯಲ್ಲಿ ಹಿಜರಿ ಕ್ಯಾಲೆಂಡರ್ ಇದ್ದರೆ ಲೆಕ್ಕ ಸುಲಭ: ತಿಂಗಳ ಆರಂಭದಲ್ಲೂ 14-15ರ ಹೊತ್ತಿಗೂ ಸೆಳೆತ ಹೆಚ್ಚು, 8 ಮತ್ತು 22ರ ಆಸುಪಾಸು ಕಡಿಮೆ. ಉಬ್ಬರ-ಇಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಆದ್ದರಿಂದ ನಿನ್ನೆಯ ಗಡಿಯಾರ ಇಂದಿಗೆ ಸಲ್ಲದು. ನೀರು ಏರುತ್ತಿರುವಾಗ ಕಡಲಗಾಳಿಯೂ ಸೇರಿದರೆ ಎಡವಿದವನು ಒಳಗಿನ ದಡಕ್ಕೇ ತೇಲಿ ಬರುತ್ತಾನೆ. ಆಟಕ್ಕೆ ಆ ಹೊತ್ತನ್ನೇ ಆರಿಸಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಕಡಲೂ ನದಿಯೂ ಕೆರಳಿರುತ್ತವೆ, ಹೋಗಲೇಬೇಡಿ. ಮೇ ತಿಂಗಳ ಸಂಜೆ ಘಟ್ಟದ ಕಡೆ ಕಪ್ಪು ಮೋಡ ಕಂಡರೆ ತಕ್ಷಣ ಪಟ ಇಳಿಸಿ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿದೆ. ಹಕ್ಕಿಗಳಿರುವ ಹೂಳುಬಯಲಿನಿಂದ ದೂರವಿದ್ದು, ಬಂದರಿನವರನ್ನು ಕೇಳಿಯೇ ಇಳಿಯಿರಿ.

ದೋಣಿಯಿಂದಲೇ ಪಟ ಏರಿಸುವುದು ನುರಿತವರ ಕೆಲಸ. ನೀವು ಮರಳದಿಬ್ಬದ ಮೇಲೆ ಇಳಿದು ಏರಿಸಿ, ದೋಣಿ ಗಾಳಿ ಹೋಗುವ ದಿಕ್ಕಿನಲ್ಲಿ ದೂರ ನಿಂತಿರಲಿ. ಯಾರಾದರೂ ಬಿದ್ದರೆ ಎಂಜಿನ್ ನಿಲ್ಲಿಸದೆ ದಾರದ ಹತ್ತಿರ ಬರಬಾರದೆಂದು ದೋಣಿಯಣ್ಣನಿಗೆ ಮೊದಲೇ ಹೇಳಿಡಿ. ದಾರ ಪಂಖಕ್ಕೆ ಸುತ್ತಿಕೊಂಡರೆ ಹುಡುಗನ ಜೊತೆಗೆ ದೋಣಿಯೂ ಸಿಕ್ಕಿಬೀಳುತ್ತದೆ.