ಜೋಳಕ್ಕೆ ಆಸರೆ

ಬಾಗಲಕೋಟೆಯಿಂದ ಬಾದಾಮಿಯತ್ತ ಹೋಗುವವರ ಕಣ್ಣಿಗೆ ಮೊದಲು ಬೀಳುವುವು ಕೆಂಪು ಮರಳುಗಲ್ಲಿನ ಗುಡ್ಡಗಳು. ಚಾಲುಕ್ಯರ ಶಿಲ್ಪಿಗಳಿಗೆ ಕಲ್ಲನ್ನು ಒದಗಿಸಿದ ಗುಡ್ಡಗಳು ಅವು. ಆದುದರಿಂದ ಪ್ರವಾಸಿಗರು ಅವನ್ನೇ ಈ ಸೀಮೆಯ ಸಂಪತ್ತೆಂದು ತಿಳಿದು ಹಿಂದಿರುಗುತ್ತಾರೆ. ಆದರೆ ಅಲ್ಲಿಂದ ಪೂರ್ವಕ್ಕೆ ಹುನಗುಂದದ ಕಡೆಗೆ, ಇನ್ನೂ ಮುಂದೆ ಇಳಕಲ್ಲಿನ ಕಡೆಗೆ ಸಾಗಿದರೆ ಗುಡ್ಡಗಳು ಹಿಂದೆ ಸರಿದು ಕಪ್ಪು ಎರೆಭೂಮಿ ಹರವಿಕೊಳ್ಳುತ್ತದೆ. ಈ ಸೀಮೆಯ ಜನರನ್ನು ತಲೆತಲಾಂತರದಿಂದ ಸಾಕುತ್ತ ಬಂದಿರುವುದು ಈ ಮಣ್ಣು ಮತ್ತು ಇದರಲ್ಲಿ ಬೆಳೆಯುವ ಬಿಳಿಜೋಳ.

ಇಲ್ಲಿ ವರ್ಷಕ್ಕೆ ಬೀಳುವ ಮಳೆಯ ಸರಾಸರಿ ಪ್ರಮಾಣ 600 ಮಿಲಿಮೀಟರಿಗಿಂತ ಕಡಿಮೆ. ಅದೂ ಕಾಲಕ್ಕೆ ಸರಿಯಾಗಿ ಬರುವ ಭರವಸೆಯಿಲ್ಲ. ಉತ್ತರೆ, ಹಸ್ತದ ಮಳೆಗಳು ನೆಲವನ್ನು ನೆನೆಸಿದ ಮೇಲೆ ರೈತನು ಕೂರಿಗೆ ಹೂಡಿ ಹಿಂಗಾರಿ ಜೋಳವನ್ನು ಬಿತ್ತುತ್ತಾನೆ. ಆಮೇಲೆ ಮಳೆ ಬಾರದಿದ್ದರೂ ಎರೆಮಣ್ಣು ತನ್ನ ಒಡಲಲ್ಲಿ ಹಿಡಿದಿಟ್ಟ ತೇವವನ್ನೇ ಕುಡಿದು ಚಳಿಗಾಲದಲ್ಲಿ ಬೆಳೆ ಏಳುತ್ತದೆ. ನಡುನಡುವೆ ಕಡಲೆ, ಕುಸುಬೆಯ ಸಾಲುಗಳಿರುತ್ತವೆ. ಸುಗ್ಗಿಯಾದ ಮೇಲೆ ಕಾಳು ಮನುಷ್ಯರಿಗೆ, ಕಣಿಕೆ ದನಗಳಿಗೆ. ಎತ್ತುಗಳಿರುವ ಮನೆಯಲ್ಲಿ ಕಣಿಕೆಯ ಬಣವೆಗೆ ಕಾಳಿನಷ್ಟೇ ಬೆಲೆ.

ಹಿಂದಿನವರು ಜೋಳವನ್ನು ಬೆಳೆಯುವುದಷ್ಟೇ ಅಲ್ಲ, ಕಾಪಿಡುವುದನ್ನೂ ಬಲ್ಲವರಾಗಿದ್ದರು. ಗಟ್ಟಿ ನೆಲವನ್ನು ಅಗೆದು, ಬಾಯಿ ಕಿರಿದಾಗಿ ಒಡಲು ಹಿರಿದಾಗಿ ಹಗೇವು ಮಾಡುತ್ತಿದ್ದರು. ಅದರ ಸುತ್ತಲೂ ಒಣ ಕಣಿಕೆಯನ್ನು ಹೊಂದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣಿನಿಂದ ಮೆತ್ತುತ್ತಿದ್ದರು. ಗಾಳಿ ಸುಳಿಯದ ಆ ಕತ್ತಲೆಯಲ್ಲಿ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಒಂದು ವರ್ಷ ಮಳೆ ಕೈಕೊಟ್ಟರೆ ಹಗೇವು ಕೈಹಿಡಿಯುತ್ತಿತ್ತು.

ಸತತವಾಗಿ ಮಳೆ ತಪ್ಪಿದಾಗ ಮಾತ್ರ ಹಗೇವುಗಳೂ ಬರಿದಾಗುತ್ತಿದ್ದುವು. 1876ರಿಂದ 1878ರವರೆಗಿನ ಬರ ಅಂಥದು. ಆಗ ಈ ಸೀಮೆಯೆಲ್ಲ ಕಲಾದಗಿ ಜಿಲ್ಲೆಗೆ ಸೇರಿತ್ತು. 1872ರ ಜನಗಣತಿಯಲ್ಲಿ ಸುಮಾರು 8 ಲಕ್ಷ 16 ಸಾವಿರವಿದ್ದ ಆ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಸುಮಾರು 6 ಲಕ್ಷ 38 ಸಾವಿರಕ್ಕೆ ಇಳಿಯಿತು. ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ! ಸರ್ಕಾರವು ಬರಗಾಲದ ಕಾಮಗಾರಿಗಳನ್ನು ತೆರೆಯಿತು, ನಿಜ. ಆದರೆ 1877ರಲ್ಲಿ ಕೂಲಿಯನ್ನು ಕಡಿತಗೊಳಿಸಿ, ದಿನವಿಡೀ ಮಣ್ಣು ಹೊತ್ತ ಗಂಡಾಳಿಗೆ ಒಂದು ಪೌಂಡು ಧಾನ್ಯದ ಬೆಲೆಯನ್ನೂ ಒಂದಾಣೆಯನ್ನೂ ಗೊತ್ತುಮಾಡಿತು. ಒಂದು ಪೌಂಡೆಂದರೆ ಅರ್ಧ ಕಿಲೋಗ್ರಾಮಿಗೂ ಕಡಿಮೆ. ಬೆಳೆ ಹೋದ ಮೇಲೆ, ಜೀವ ಹೋಗುವ ಮುನ್ನ, ಆದಷ್ಟು ಅಗ್ಗವಾಗಿ ಒಂದಿಷ್ಟು ಕೊಡುವುದು: ಆ ಕಾಲದಲ್ಲಿ ಸರ್ಕಾರದ ನೆರವೆಂದರೆ ಇಷ್ಟೇ ಆಗಿತ್ತು.

ಬೆಳೆ ಹೋಗುವ ಮುನ್ನವೇ ನೆರವು ನೀಡಬೇಕೆಂಬ ವಿಚಾರ ಬಲಿಯಲು ಇನ್ನೂ ಅರ್ಧ ಶತಮಾನ ಬೇಕಾಯಿತು. 1930ರ ದಶಕದಲ್ಲಿ ಬಿಜಾಪುರದಲ್ಲಿ ಒಣಬೇಸಾಯದ ಸಂಶೋಧನೆ ಆರಂಭವಾಯಿತು. 1942ರಲ್ಲಿ ಮುಂಬಯಿ ಸರ್ಕಾರ ಭೂಸುಧಾರಣಾ ಯೋಜನೆಗಳ ಕಾನೂನನ್ನು ಮಾಡಿ, ಹೊಲಗಳಿಗೆ ಸಮಪಾತಳಿಯ ಒಡ್ಡುಗಳನ್ನು ಹಾಕಿಸಲು ತೊಡಗಿತು. ಉದ್ದೇಶ ಒಳ್ಳೆಯದೇ. ಆದರೆ ನೀರನ್ನು ಬೇಗ ಇಂಗಿಸದ ಆಳವಾದ ಎರೆಯಲ್ಲಿ ಒಡ್ಡಿನ ಹಿಂದೆ ನೀರು ನಿಂತು ಬೆಳೆ ಹಳದಿಯಾಗುತ್ತಿತ್ತು. ಒಮ್ಮೊಮ್ಮೆ ಒಡ್ಡೇ ಒಡೆಯುತ್ತಿತ್ತು. ಇತ್ತ ಹುನಗುಂದ ಸೀಮೆಯ ಕೆಲವು ರೈತ ಮನೆತನಗಳು ತಗ್ಗಿನ ಹೊಲಗಳಲ್ಲಿ ಒಡ್ಡನ್ನು ವರ್ಷವರ್ಷವೂ ಸ್ವಲ್ಪಸ್ವಲ್ಪವಾಗಿ ಏರಿಸುತ್ತ, ಹೆಚ್ಚಾದ ನೀರು ಹರಿದುಹೋಗಲು ಕಲ್ಲುಕಟ್ಟಿನ ಕೋಡಿಯನ್ನು ಬಿಡುತ್ತ, ಹರಿದುಬಂದ ಮಣ್ಣನ್ನೇ ತಡೆದು ಹೊಸ ಹೊಲವನ್ನು ಕಟ್ಟಿಕೊಂಡಿದ್ದುವು. ಸರ್ಕಾರದ ನಕ್ಷೆಯಲ್ಲಿ ಇಲ್ಲದಿದ್ದ ಕೋಡಿ ಆ ಮುದುಕರ ಲೆಕ್ಕದಲ್ಲಿ ಇತ್ತು.

ಇನ್ನು ಬೆಲೆಯ ಮಾತು. ಜೋಳ ಕಣಕ್ಕೆ ಬಂದಾಗ ಎಲ್ಲರ ಜೋಳವೂ ಒಟ್ಟಿಗೇ ಬರುತ್ತದೆ. ಆಗ ಧಾರಣೆ ಇಳಿಯುವುದು ಸಹಜ. ಸಾಲ ತೀರಿಸಬೇಕಾದವನು, ಮಗಳ ಮದುವೆ ಗೊತ್ತುಮಾಡಿದವನು ಧಾರಣೆ ಏರಲೆಂದು ಕಾಯಲಾರ. ಇದಕ್ಕೆ ತಡೆಯಾಗಿ ಕೇಂದ್ರ ಸರ್ಕಾರ 1965ರಲ್ಲಿ ಕೃಷಿ ಬೆಲೆಗಳ ಆಯೋಗವನ್ನು ನೇಮಿಸಿತು. ಅದರ ಶಿಫಾರಸಿನಂತೆ ಬಿತ್ತನೆಗೆ ಮುಂಚೆಯೇ ಸಾರುವ ಬೆಲೆಗೆ ಕನಿಷ್ಠ ಬೆಂಬಲ ಬೆಲೆ ಎಂದು ಹೆಸರು. 2025-26ನೆಯ ಸಾಲಿಗೆ ಸಂಕರಣ ಜೋಳಕ್ಕೆ ಕ್ವಿಂಟಾಲಿಗೆ 3,699 ರೂಪಾಯಿ, ಮಾಲದಂಡಿ ಜೋಳಕ್ಕೆ 3,749 ರೂಪಾಯಿ ನಿಗದಿಯಾಯಿತು. ಮಾಲದಂಡಿಯೆಂದರೆ ಈ ಸೀಮೆಯವರು ರೊಟ್ಟಿಗೆ ಮೆಚ್ಚುವ, ಮುತ್ತಿನಂಥ ದಪ್ಪ ಕಾಳಿನ ಹಿಂಗಾರಿ ಜೋಳ.

ಆದರೆ ಬೆಲೆಯನ್ನು ಸಾರುವುದು ಬೇರೆ, ಆ ಬೆಲೆಗೆ ಕೊಳ್ಳುವುದು ಬೇರೆ. ಹಸಿರು ಕ್ರಾಂತಿಯ ತರುವಾಯ ಪಂಜಾಬ, ಹರಿಯಾಣಗಳ ಗೋದಿಯನ್ನೂ ಅಕ್ಕಿಯನ್ನೂ ಸರ್ಕಾರ ರಾಶಿರಾಶಿಯಾಗಿ ಕೊಂಡಿತು. ಅದನ್ನೇ ಪಡಿತರ ಅಂಗಡಿಗಳ ಮೂಲಕ ದೇಶದಾದ್ಯಂತ ಅಗ್ಗದ ಬೆಲೆಗೆ ಹಂಚಿತು. ಇದರಿಂದ ಬಡವರ ಹಸಿವು ಹಿಂಗಿತು ಎಂಬುದನ್ನು ಮರೆಯುವಂತಿಲ್ಲ. ಜೋಳಕ್ಕೆ ಮಾತ್ರ ಬೆಲೆಯಿತ್ತು, ಕೊಳ್ಳುವವರಿರಲಿಲ್ಲ. ಜೋಳವನ್ನು ಬೆಳೆಯುವವನ ಮನೆಗೇ ಅಗ್ಗದ ಅಕ್ಕಿ ಬಂದ ಮೇಲೆ ಅವನ ಜೋಳವನ್ನು ಕೊಳ್ಳುವ ನೆರೆಮನೆಯೂ ಇಲ್ಲವಾಯಿತು. ನೀರಾವರಿಯಾದಲ್ಲಿ ಕಬ್ಬು ಬಂತು. ಜನರ ರುಚಿಯೂ ಬದಲಾಯಿತು. 1960ರ ದಶಕದ ಕೊನೆಯಲ್ಲಿ ಭಾರತದಲ್ಲಿ ಸುಮಾರು 1 ಕೋಟಿ 80 ಲಕ್ಷ ಹೆಕ್ಟೇರಿನಲ್ಲಿದ್ದ ಜೋಳ ಇತ್ತೀಚಿನ ವರ್ಷಗಳಲ್ಲಿ 40 ಲಕ್ಷ ಹೆಕ್ಟೇರಿನ ಆಸುಪಾಸಿಗೆ ಇಳಿದಿದೆ.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಅಕ್ಕಿ, ಗೋದಿಗಳ ಜೊತೆಗೆ ಒರಟು ಧಾನ್ಯಗಳಿಗೂ ಪಡಿತರದಲ್ಲಿ ಸ್ಥಾನ ನೀಡಿತು. ಕರ್ನಾಟಕವು ದಕ್ಷಿಣದ ಜಿಲ್ಲೆಗಳಲ್ಲಿ ರಾಗಿಯನ್ನೂ ಉತ್ತರದ ಜಿಲ್ಲೆಗಳಲ್ಲಿ ಜೋಳವನ್ನೂ ಕೊಂಡು ಅಲ್ಲಿಯೇ ಹಂಚುವ ಏರ್ಪಾಡು ಮಾಡಿತು. ನನ್ನ ದೃಷ್ಟಿಯಲ್ಲಿ ಇದು ವಿವೇಕದ ಮಾರ್ಗ. ಹೊಲ, ಉಗ್ರಾಣ, ಒಲೆ ಮೂರೂ ಒಂದೇ ಸೀಮೆಯಲ್ಲಿರುತ್ತವೆ. ಆದರೂ ಕೊಂಡಷ್ಟೇ ಹಂಚಬೇಕಲ್ಲವೆ? ಖರೀದಿ ಕೇಂದ್ರ ತಡವಾಗಿ ತೆರೆದರೆ ಅಷ್ಟರಲ್ಲಿ ಸಣ್ಣ ರೈತನ ಚೀಲಗಳು ದಲಾಲರ ಅಂಗಡಿಯನ್ನು ಸೇರಿರುತ್ತವೆ. ಕೇಂದ್ರದಲ್ಲಿ ಹೆಸರು ನೋಂದಾಯಿಸಲು ಹೊಲದ ಉತಾರ ಬೇಕು. ಪರರ ಹೊಲವನ್ನು ಲಾವಣಿಗೆ ಹಾಕಿಕೊಂಡು ದುಡಿಯುವವನ ಹೆಸರು ಉತಾರದಲ್ಲಿ ಇರುವುದಿಲ್ಲ. ಬೆವರು ಅವನದು, ದಾಖಲೆ ಇನ್ನೊಬ್ಬನದು.

ನೀರಿಗಾಗಿಯೂ ಸರ್ಕಾರ ದೊಡ್ಡ ಸಾಹಸವನ್ನೇ ಮಾಡಿದೆ. ಹುನಗುಂದ ಭಾಗದ ರಾಮಥಾಳ ಯೋಜನೆಯಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರನ್ನು ಮೇಲೆತ್ತಿ, ಸುಮಾರು 24,000 ಹೆಕ್ಟೇರಿನ ಹೊಲಗಳಿಗೆ ಹನಿ ನೀರಾವರಿಯ ಕೊಳವೆಗಳನ್ನು ಹರಡಲಾಯಿತು. ಏಷ್ಯದಲ್ಲಿಯೇ ದೊಡ್ಡದೆಂದು ಹೆಸರಾದ ಯೋಜನೆ ಇದು. ಆದರೆ ಹಲವು ಹೊಲಗಳಲ್ಲಿ ನೀರು ನಿಯಮಿತವಾಗಿ ಬಾರದೆ, ಕೊಳವೆಗಳು ಹಾಳಾಗಿ, ರೈತರು ಮತ್ತೆ ಮಳೆಯನ್ನೇ ನಂಬಿದರು. ಕೊಳವೆಯನ್ನು ಹೂಳುವುದು ಒಂದು ಸಲದ ಕೆಲಸ. ಸರದಿಯಂತೆ ನೀರು ಬಿಡುವುದು, ಒಡೆದುದನ್ನು ಸರಿಪಡಿಸುವುದು ದಿನದಿನದ ಕೆಲಸ.

ಜೋಳಕ್ಕೆ ಸರ್ಕಾರವನ್ನು ಬಿಟ್ಟು ಬೇರೆ ಕೊಳ್ಳುವವರೇ ಇಲ್ಲವೆಂದಲ್ಲ. ಬಾದಾಮಿಯ ಸಮೀಪದ ಬನಶಂಕರಿಯಲ್ಲಿ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಕೆಂಪು ಚಟ್ನಿ, ಪಲ್ಯ, ಗಡಿಗೆಯ ಮೊಸರನ್ನು ತಂದು ಯಾತ್ರಿಕರಿಗೆ ಬಡಿಸುತ್ತಾರೆ. ಮನೆಯ ಜೋಳ, ಮನೆಯ ಹಿಟ್ಟು, ದುಡ್ಡೂ ಮನೆಗೇ. ಒಣರೊಟ್ಟಿ ಮಾಡಿ ಮಾರುವಂಥ ಕಿರು ಉದ್ದಿಮೆಗಳಿಗಾಗಿ 2020ರಲ್ಲಿ ಕೇಂದ್ರ ಸರ್ಕಾರ ನೂರಕ್ಕೆ 35ರಷ್ಟು ಸಹಾಯಧನದ ಯೋಜನೆಯನ್ನು ಆರಂಭಿಸಿತು. ಕರ್ನಾಟಕ ಅದಕ್ಕೆ ಇನ್ನೂ 15ನ್ನು ಸೇರಿಸಿತು. ಉಳಿದುದು ಸಾಲ, ಬ್ಯಾಂಕು ಒಪ್ಪಿದರೆ ಮಾತ್ರ ಸಹಾಯಧನ.

ಆದರೆ ಜಾತ್ರೆ ಮುಗಿದ ಮೇಲೂ ತಪ್ಪದೆ ಕೊಳ್ಳುವವರು ಬೇಕು. ಬ್ರೆಜಿಲ್ ದೇಶ ಅಂಥವರನ್ನು ಶಾಲೆಯಲ್ಲಿ ಕಂಡಿತು. ಶಾಲಾ ಊಟಕ್ಕಾಗಿ ಕೇಂದ್ರವು ಕೊಡುವ ಹಣದಲ್ಲಿ ನೂರಕ್ಕೆ 30ರಷ್ಟನ್ನಾದರೂ ಸಣ್ಣ ರೈತ ಕುಟುಂಬಗಳಿಂದ ನೇರವಾಗಿ ಕೊಳ್ಳಲು ಬಳಸಬೇಕೆಂದು 2009ರಲ್ಲಿ ಅದು ಕಾನೂನು ಮಾಡಿತು. ನಮ್ಮಲ್ಲಿ ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ಉತ್ತರದ ಜಿಲ್ಲೆಗಳಲ್ಲಿಯೇ ಮೊದಲು ಆರಂಭವಾಯಿತು. ಆದರೂ ಜೋಳದ ಸೀಮೆಯ ಶಾಲೆಯ ತಟ್ಟೆಗೆ ಬರುವುದು ಹೆಚ್ಚಾಗಿ ಅನ್ನ. ಇದಕ್ಕೆ ಕಾರಣವಿಲ್ಲದಿಲ್ಲ. ಮುನ್ನೂರು ಮಕ್ಕಳ ಅನ್ನವನ್ನು ಎರಡು ದೊಡ್ಡ ಪಾತ್ರೆಗಳಲ್ಲಿ ಬೇಯಿಸಬಹುದು. ರೊಟ್ಟಿಯನ್ನಾದರೋ ಒಂದೊಂದಾಗಿ ಬಡಿದು ಒಂದೊಂದಾಗಿ ಸುಡಬೇಕು. ಅಡುಗೆಯವರು ಇಬ್ಬರೋ ಮೂವರೋ. ಆದರೆ ಜೋಳವನ್ನು ಒಡೆದು ಮಾಡುವ ನುಚ್ಚಿಗೆ ಈ ತೊಡಕಿಲ್ಲ. ಅದು ಅನ್ನದಂತೆಯೇ ಒಂದೇ ಪಾತ್ರೆಯಲ್ಲಿ ಬೇಯುತ್ತದೆ. ಮೇಲೆ ಮಜ್ಜಿಗೆಯನ್ನು ಸುರಿದು ಬಡಿಸಿದರಾಯಿತು.