ಹಿತ್ತಿಲಿನ ರಥಕಾರರು

ರಥಕಾರ ಎಂಬುದು ನಮ್ಮ ಹಳೆಯ ಮಾತುಗಳಲ್ಲೊಂದು. ಕಾವ್ಯಗಳಲ್ಲಿ ರಥವನ್ನೇರಿದವನ ಬಿರುದಾವಳಿಗೆ ಲೆಕ್ಕವಿಲ್ಲ; ಕಟ್ಟಿದವನ ಹೆಸರನ್ನು ಕವಿ ಹೇಳುವುದು ಅಪೂರ್ವ. ಕಳೆದ ಭಾನುವಾರ ಬಂಗಾರಪೇಟೆಯಿಂದ ಹೊರಟು ಕೋಲಾರದ ಚಿನ್ನದ ಗಣಿಯ ರಾಬರ್ಟ್‌ಸನ್‌ಪೇಟೆಯ ಹಿತ್ತಿಲೊಂದರಲ್ಲಿ ನಿಂತಿದ್ದಾಗ ಈ ಅನ್ಯಾಯ ನನ್ನ ನೆನಪಿಗೆ ಬಂತು.

ಅಲ್ಲಿ ತಗಡಿನ ಮಾಡಿನ ಕೆಳಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನೂ ಅವನ ತಂದೆಯೂ ಸೇರಿ ಕಾರೊಂದನ್ನು ಕಟ್ಟುತ್ತಿದ್ದಾರೆ. ಹಳೆಯ ಕಾರಿನ ರಿಪೇರಿಯಲ್ಲ. ಉಕ್ಕಿನ ಕೊಳವೆಯಿಂದ ಮೊದಲುಗೊಂಡ ಹೊಸ ಸೃಷ್ಟಿ. ಇಬ್ಬರಿಗೆ ಮಾತ್ರ ಸ್ಥಳವುಳ್ಳ, ಮೇಲೆ ಮುಚ್ಚಿಗೆಯಿಲ್ಲದ, ನೆಲಕ್ಕೆ ಅಂಟಿಕೊಂಡಂತೆ ಕಾಣುವ ಸ್ಪೋರ್ಟ್ಸ್ ಕಾರು.

ಈ ಹುಚ್ಚಿಗೂ ಒಂದು ಪರಂಪರೆಯುಂಟು. 1957ರಲ್ಲಿ ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ ‘ಲೋಟಸ್ ಸೆವೆನ್’ ಎಂಬ ಹಗುರವಾದ ಕಾರನ್ನು ಹೊರತಂದನು. ಅದನ್ನು ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಂಡವರಿಗೆ ಅಲ್ಲಿಯ ಖರೀದಿ ತೆರಿಗೆ ತಪ್ಪುತ್ತಿತ್ತು. 1996ರಲ್ಲಿ ರಾನ್ ಚಾಂಪಿಯನ್ ಎಂಬ ಶಾಲಾ ಅಧ್ಯಾಪಕನು ಆ ಮಾದರಿಯ ಕಾರನ್ನು 250 ಪೌಂಡಿನಷ್ಟು ಅಲ್ಪ ವೆಚ್ಚದಲ್ಲಿ ಕಟ್ಟಬಹುದೆಂದು ಪುಸ್ತಕವನ್ನೇ ಬರೆದನು. ನನ್ನ ಶಿಷ್ಯನಿಗೆ ಅದೇ ಆಕರಗ್ರಂಥ. ಬರೆದವನ ಹೆಸರು ಕೇಳಿ, ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದಿದ್ದ ತಂದೆ, “ಹಾಗಾದರೆ ನಮ್ಮವನೇ ಇರಬೇಕು” ಎಂದರಂತೆ.

ಇಪ್ಪತ್ತೈದು ಮಿಲಿಮೀಟರಿನ ಚೌಕ ಕೊಳವೆಗಳನ್ನು ತ್ರಿಕೋನ ತ್ರಿಕೋನವಾಗಿ ಬೆಸೆದ ಪಂಜರವೇ ಈ ಕಾರಿನ ಬೆನ್ನೆಲುಬು. ಎಂಜಿನ್ನು ಗುಜರಿಯಿಂದ ತಂದ ಮಾರುತಿ ಓಮ್ನಿಯದು, 796 ಸಿ.ಸಿ., ಮೂರು ಸಿಲಿಂಡರು. ಅದೇ ಏಕೆಂದು ಕೇಳಿದೆ. ಮಾರುತಿ 800ರ ಎಂಜಿನ್ನು ಅಡ್ಡಲಾಗಿ ಕುಳಿತು ಮುಂದಿನ ಚಕ್ರಗಳನ್ನು ತಿರುಗಿಸುತ್ತದೆ. ಓಮ್ನಿಯದಾದರೋ ಉದ್ದಕ್ಕೆ ಕುಳಿತು ಹಿಂದಿನ ಚಕ್ರಗಳಿಗೆ ಬಲ ಕೊಡುತ್ತದೆ. ಸೆವೆನ್‌ನ ಕ್ರಮವೂ ಅದೇ.

ಮಗನಿಗೆ ಬೆಂಗಳೂರಿನಲ್ಲಿ ಕೆಲಸ. ನಸುಕಿನ ರೈಲಿಗೆ ಹೋಗಿ ರಾತ್ರಿ ಮರಳುವ ಸಾವಿರಾರು ಜನರಲ್ಲಿ ಅವನೂ ಒಬ್ಬ. ಕೈಗೆ ಸಿಗುವುದು ಭಾನುವಾರವೊಂದೇ. ಆ ಅವಸರದಲ್ಲಿ ಮೊದಲ ಚೌಕಟ್ಟಿನ ಒಂದು ಮಗ್ಗುಲನ್ನು ಒಂದೇ ಬೈಠಕ್ಕಿನಲ್ಲಿ ಬೆಸೆದುಬಿಟ್ಟ. ಕಾದ ಉಕ್ಕು ಆರುವಾಗ ತನ್ನತ್ತ ಎಳೆದುಕೊಳ್ಳುತ್ತದೆ. ಕರ್ಣಗಳನ್ನು ಅಳೆದರೆ ಒಂದಕ್ಕಿಂತ ಒಂದು ಎಂಟು ಮಿಲಿಮೀಟರು ಉದ್ದ. “ಅಷ್ಟಕ್ಕೇನಾಯಿತಪ್ಪ?” ಎಂದನಂತೆ ಮಗ. ತಂದೆ ಮಾತಾಡದೆ ಗರಗಸವನ್ನು ಅವನ ಕೈಗೆ ಕೊಟ್ಟರು. ನಾಲ್ಕು ಭಾನುವಾರಗಳ ದುಡಿಮೆ ತುಂಡಾಯಿತು. ಎರಡನೆಯ ಚೌಕಟ್ಟಿಗೆ ಮೊದಲು ಚುಕ್ಕೆ ಬೆಸುಗೆ. ಆಮೇಲೆ ಈ ಮೂಲೆಗೊಂದಿಷ್ಟು, ಎದುರು ಮೂಲೆಗೊಂದಿಷ್ಟು.

ಇದು ವೃದ್ಧರ ಹಟವೆಂದು ತಿಳಿಯಬಾರದು. ಅವರು ಗಣಿಯ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದವರು. ಮೂರು ಕಿಲೋಮೀಟರಿಗೂ ಮೀರಿದ ಆಳಕ್ಕೆ ಜನರು ಇಳಿಯುತ್ತಿದ್ದ ಗಣಿಯದು. ಅಲ್ಲಿ ಎಂಟು ಮಿಲಿಮೀಟರೆಂಬುದು ಸಣ್ಣ ಮಾತಲ್ಲ.

ಈಗ ಎಂಜಿನ್ನು ಕೂತಿದೆ. ಹಿಂದಿನ ಅಚ್ಚು ಸೇರಿದೆ. ಸ್ಟೀರಿಂಗು, ಬ್ರೇಕು, ಮೈಹೊದಿಕೆ ಬಾಕಿ. ಆದರೆ ಮುಗಿದರೂ ಅದು ರಸ್ತೆಗಿಳಿಯುವುದು ಸಂದೇಹ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 126ನೆಯ ನಿಯಮದಂತೆ ಹೊಸ ಮಾದರಿಯ ವಾಹನವು ಅಧಿಕೃತ ಸಂಸ್ಥೆಯೊಂದರಲ್ಲಿ ಪರೀಕ್ಷೆಗೊಳಗಾಗಬೇಕು. ಸಾವಿರಗಟ್ಟಲೆ ಕಾರು ಮಾಡುವವರಿಗೆ ಅದು ಸಹಜವಾದ ವೆಚ್ಚ. ಒಂದೇ ಕಾರು ಮಾಡುವವನಿಗೆ ಎಟುಕದ ಮಾತು. ಕಾನೂನು ತಪ್ಪೆಂದೂ ಹೇಳಲಾರೆ. ದಾರಿಹೋಕನ ಜೀವ ನಮ್ಮ ಹವ್ಯಾಸಕ್ಕಿಂತ ದೊಡ್ಡದು.

ಮಗ ಚಹಾ ತರಲು ಒಳಗೆ ಹೋದಾಗ ಮೆಲ್ಲನೆ ಕೇಳಿದೆ: “ಓಡಿಸಲಾಗದ ಕಾರಿಗೆ ಇಷ್ಟು ಶ್ರಮವೇಕೆ?”

ಅವರು ಕೊಳವೆಯ ಅಂಚನ್ನು ಅರದಿಂದ ಉಜ್ಜುತ್ತಲೇ ಹೇಳಿದರು: “2001ರಲ್ಲಿ ಗಣಿ ಮುಚ್ಚಿತು, ಮೇಷ್ಟ್ರೇ. ಆಮೇಲೆ ಎಲ್ಲರೂ ನನ್ನನ್ನು ಊಟವಾಯಿತೇ, ಮಾತ್ರೆ ನುಂಗಿದಿರಾ ಎಂದು ಕೇಳಿದರು. ಇದು ಹೇಗೆ ಮಾಡುವುದು ಎಂದು ಕೇಳಿದವನು ಇವನೊಬ್ಬನೇ.”

ಮುಂದೆ ಮಾತು ಬೆಳೆಸಲು ನನಗೆ ತೋಚಲಿಲ್ಲ. ಸಂಜೆ ಬಂಗಾರಪೇಟೆಗೆ ಮರಳುವಾಗ ಗಣಿಯ ಸೈನೈಡ್ ದಿಬ್ಬಗಳ ಮೇಲೆ ಎಳೆ ಹಳದಿಯ ಬಿಸಿಲು ಬಿದ್ದಿತ್ತು. ಚಿನ್ನವನ್ನು ತೆಗೆದುಕೊಂಡ ಮೇಲೆ ಉಳಿದ ಮಣ್ಣು ಅದು. ಚಿನ್ನ ತೆಗೆದವರ ಕೈಗಳಲ್ಲಿ ಉಳಿದದ್ದನ್ನು ಮಾತ್ರ ನಾವು ಇನ್ನೂ ಲೆಕ್ಕ ಹಾಕಿಲ್ಲ.